ಅಪ್‌ಡೇಟ್: ಮೂರನೇ ಹೆರಿಗೆ ಆಯ್ತು, ಹೆಣ್ಣು ಮಗು

ಮೂರನೇ ಹೆರಿಗೆ ಮೊದಲೆರಡಕ್ಕಿಂತ ಸಲೀಸಾ, ನೋವು ಬಂದ ಎಷ್ಟೊತ್ತಿಗೆ ಮನೆ ಬಿಡಬೇಕು ಅಂತ ಹೋದ ತಿಂಗಳು ಕೇಳಿದ್ದೆ. ಧೈರ್ಯ ಹೇಳಿದ ಅಕ್ಕಂದಿರಿಗೆಲ್ಲ ತುಂಬಾ ಥ್ಯಾಂಕ್ಸ್. ಮಗಳಿಗೆ ಇವತ್ತು 11 ದಿನ, ಚೆನ್ನಾಗಿದ್ದಾಳೆ.

ದೊಡ್ಡವನಿಗೆ 19 ಗಂಟೆ ನೋವು ತಿಂದಿದ್ದೆ, ಎರಡನೆಯವಳಿಗೆ 7. ಈ ಸಲ ರಾತ್ರಿ 2ಕ್ಕೆ ಸೊಂಟ ಹಿಡಿದ ಹಾಗಾಯ್ತು. ಹಿಂದಿನ ವಾರವೂ ಹೀಗೇ ಬಂದು ಹೋಗಿತ್ತಲ್ಲ, ಸುಳ್ಳು ನೋವಿರಬೇಕು ಅಂತ ಮಗ್ಗುಲು ಬದಲಿಸಿದೆ. ಅತ್ತೆ ಕೇಳಲಿಲ್ಲ. ಬಸುರಿಯ ತಪಾಸಣೆಯೆಲ್ಲ ಬರೆದಿಡುವ ತಾಯಿ ಕಾರ್ಡನ್ನ ಬ್ಯಾಗಿಗೆ ಹಾಕಿ 108ಕ್ಕೆ ಫೋನ್ ಮಾಡಿಸಿದರು. ತಾಲೂಕು ಆಸ್ಪತ್ರೆ ತಲುಪಿ 20 ನಿಮಿಷಕ್ಕೆ ಮಗು ಹುಟ್ಟಿತು! ಅವರ ಮಾತು ಕೇಳದಿದ್ದರೆ ದಾರಿಯಲ್ಲೇ ಆಗುತ್ತಿತ್ತೇನೋ.

ಆದರೆ ನಾನು ನಿರೀಕ್ಷಿಸದೇ ಇದ್ದದ್ದು ಆಮೇಲಿನ ನೋವು. ಮೊದಲ ಬಾಣಂತನದಲ್ಲಿ ಅದು ಗೊತ್ತೇ ಆಗಿರಲಿಲ್ಲ. ಈಗ ಮಗು ಹಾಲು ಚೀಪಿದಾಗಲೆಲ್ಲ ಹೊಟ್ಟೆ ಬಟ್ಟೆ ಹಿಂಡಿದ ಹಾಗೆ. ಚೀಪಿದಾಗ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಬಿಡುಗಡೆಯಾಗಿ ಗರ್ಭಕೋಶ ಕುಗ್ಗುತ್ತದೆ, ಹೆರಿಗೆ ಹೆಚ್ಚಾದಷ್ಟೂ ಈ ನೋವು ಜಾಸ್ತಿ ಅಂತ ನರ್ಸಮ್ಮ ಬಿಡಿಸಿ ಹೇಳಿದರು. ಗರ್ಭಕೋಶ ಸರಿಯಾಗಿ ಬಿಗಿಯಾಗದಿದ್ದರೆ ರಕ್ತ ಹೋಗುತ್ತದಂತೆ. ಅದಕ್ಕೇ ಹೆರಿಗೆಯಾದ ಕೂಡಲೇ ಇಂಜೆಕ್ಷನ್ ಕೊಟ್ಟು, ಮತ್ತೆ ಮತ್ತೆ ಬಂದು ಹೊಟ್ಟೆ ಒತ್ತಿ ನೋಡುತ್ತಿದ್ದರು. ಆ ತಾಯಿ ಹೊಟ್ಟೆ ತಣ್ಣಗಿರಲಿ. ನಾಲ್ಕನೇ ದಿನಕ್ಕೆ ನೋವು ಇಳಿಯಿತು.

ಮೂರನೆಯದಕ್ಕೆ ದಿನ ಎಣಿಸುತ್ತಿರುವವರು ದಯವಿಟ್ಟು ನೋವು ಜೋರಾಗಲಿ ಅಂತ ಮನೆಯಲ್ಲಿ ಕಾಯಬೇಡಿ.