ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. ಹಳೇ ಕಾರು ಇಟ್ಟುಕೊಳ್ಳಲಾ, ಮಾರಲಾ?

ಹೆಬ್ಬಾಳ ಕಡೆಯವನು
ಹೋದ ವಾರ ಸಂಜೆ ಬೆಂಗಳೂರಿನ ಹೆಬ್ಬಾಳ ಫ್ಲೈಓವರ್ ಇಳಿದು ಏರ್‌ಪೋರ್ಟ್ ಕಡೆ ಹೋಗುತ್ತಿದ್ದೆ. ಎಡಗಡೆಯಿಂದ ಒಂದು ಟೆಂಪೋ ಟ್ರಾವೆಲರ್ ಇಂಡಿಕೇಟರ್ ಹಾಕದೆ ಅಡ್ಡ ಬಂದು ನಿಂತೇಬಿಟ್ಟಿತು. ಬ್ರೇಕ್ ಒತ್ತಿ ಬಲಕ್ಕೆ ಎಳೆದೆ. ಅದರ ಬಂಪರಿಗೂ ಡಿವೈಡರಿಗೂ ಮಧ್ಯೆ ಗಾಡಿ ತೂರಿಕೊಂಡು ಹೋಯಿತು. ಒಂದು ಗೀರೂ ಇಲ್ಲ. 2014ರ ಡೀಸೆಲ್ ಹ್ಯಾಚ್‌ಬ್ಯಾಕ್, ಹೈಡ್ರಾಲಿಕ್ (ಎಣ್ಣೆ ಒತ್ತಡದ) ಸ್ಟೇರಿಂಗ್. ಕಂಪನಿ ನಮ್ಮ ದೇಶದ ಅಂಗಡಿ ಮುಚ್ಚಿ ಆಯ್ತು. ಮನೆಯಲ್ಲಿ ಆಟೋಮ್ಯಾಟಿಕ್ ಎಸ್‌ಯುವಿ ತಗೊಳ್ಳೋಣ ಅನ್ನುತ್ತಿದ್ದಾರೆ, ಬಜೆಟ್ 15 ಲಕ್ಷ. ಕ್ಲಚ್ ತುಳಿದು ಎಡ ಮಂಡಿ ನೋವು ಬೇರೆ. ಹೀಗೆ ಬದಲಾಯಿಸಿದವರು ಅನುಭವ ಹೇಳಿ.

ಜೆ.ಸಿ. ರಸ್ತೆ ಗಿರಾಕಿ
ಮಾರಬೇಡಿ. ನನ್ನದೂ ಅದೇ ಗಾಡಿ ಇರಬೇಕು, ಹೆಸರು ಹೇಳದಿದ್ದರೂ ಗೊತ್ತಾಯಿತು. ಪೀಣ್ಯ ಫ್ಲೈಓವರ್ ಮೇಲೆ ಲಾರಿ ಬಿಡದೇ ಇದ್ದ ಕಾಲ, 2022. ಲಾರಿಗಳೆಲ್ಲ ಕೆಳಗಡೆ. ಜಾಲಹಳ್ಳಿ ಕ್ರಾಸ್ ಹತ್ತಿರ ಮುಂದಿನ ಲಾರಿಯಿಂದ ಕಬ್ಬಿಣದ ಸರಳು ಹೊರಗೆ ಚಾಚಿಕೊಂಡಿತ್ತು, ತುದಿಗೆ ಒಂದು ಕೆಂಪು ಬಟ್ಟೆ ಕೂಡ ಕಟ್ಟಿರಲಿಲ್ಲ. ಲಾರಿಯವನು ದಢಕ್ಕನೆ ನಿಲ್ಲಿಸಿದ, ನಾನು ಬಲಕ್ಕೆ ಎಳೆದೆ. ಸರಳಿನ ತುದಿ ನನ್ನ ಎಡ ಕನ್ನಡಿಯನ್ನು ಸವರಿಕೊಂಡು ಹೋಯಿತು, ಮುಂದಿನ ಗಾಜಿಗೆ ಬರಲಿಲ್ಲ. ಈಗಿನ ಎಲೆಕ್ಟ್ರಿಕ್ (ಮೋಟಾರಿನ) ಸ್ಟೇರಿಂಗ್ ಆಗಿದ್ದರೆ ಚಕ್ರ ಯಾವ ಕಡೆ ನೋಡುತ್ತಿದೆ ಅಂತಲೇ ಕೈಗೆ ತಿಳಿಯುತ್ತಿರಲಿಲ್ಲ.

ಖರ್ಚು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ. ಸ್ಟೇರಿಂಗ್ ರ‍್ಯಾಕ್ ಸೋರಿತು, ಕಿಟ್ ಹಾಕಿಸಿದ್ದಕ್ಕೆ 11,500. ವರ್ಷ ತುಂಬುವ ಮೊದಲೇ ಮತ್ತೆ ಸೋರಿತು. ಈ ಸಲ ಶಿವಾಜಿನಗರದ ಗುಜರಿಯಲ್ಲಿ ಹಳೇ ರ‍್ಯಾಕ್ 9,000, ಕೂಲಿ 3,500, ಎಣ್ಣೆ 800. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋಯರ್ ಆರ್ಮ್ ಎರಡೂ ಕಡೆ 8,400. ಬಲಗಡೆ ಹೆಡ್‌ಲೈಟ್ ಬಿಡಿಭಾಗದ ಅಂಗಡಿಗಳಿರುವ ಇಡೀ ಜೆ.ಸಿ. ರಸ್ತೆಯಲ್ಲಿ ಇಲ್ಲ, ಕೊಯಮತ್ತೂರಿನಿಂದ ಬಸ್ಸಿನಲ್ಲಿ ಹಾಕಿಸಿಕೊಂಡೆ, ಬಿಚ್ಚಿ ನೋಡಿದರೆ ಒಂದು ಕಿವಿ ಮುರಿದಿತ್ತು, ಅಂಟು ಹಾಕಿ ಕೂರಿಸಿದೆ. ಇಷ್ಟಾದರೂ ಈ ಗಾಡಿ ಕೊಡಲ್ಲ.

ರಬ್ಬರ್ ಮಾತ್ರ ಸತ್ಯ
ಸ್ಟೇರಿಂಗ್ ಸ್ಟೇರಿಂಗ್ ಅಂತ ಕುಣಿಯುವವರೇ, ನೆಲಕ್ಕೆ ತಾಗಿರುವುದು ಟೈರು. ಒಂದೊಂದು ಟೈರಿಗೂ ಅಂಗೈಯಷ್ಟು ಜಾಗ, ಅಷ್ಟೇ. ನನ್ನ ಸ್ವಿಫ್ಟ್ ಬಂದಿದ್ದು 165/80 ಆರ್14 ಸೈಜಿನ ಟೈರಿನಲ್ಲಿ. ಅದನ್ನು ಕಿತ್ತು ಇನ್ನೂ ಅಗಲದ 185/65 ಆರ್15 ಹಾಕಿಸಿದೆ, ಮೇಲಿನ ವೇರಿಯಂಟಿಗೆ ಬರುವ ಸೈಜೇ. ಅಲಾಯ್ ಚಕ್ರ ಸೇರಿ 52,000. ಮನೆಗೆ ಬಂದು ಟೈರಿನ ಪಕ್ಕದ ನಾಲ್ಕಂಕಿ ನೋಡಿದರೆ 3119. ಅಂದರೆ 2019ರ 31ನೇ ವಾರದ ಮಾಲು, ನನಗೆ ಮಾರಿದ್ದು 2023ರಲ್ಲಿ! ಜಗಳ ಆಡಿ ವಾಪಸ್ ಕೊಟ್ಟೆ. ಅದಕ್ಕೆ ಬ್ಯಾಲೆನ್ಸಿಂಗ್ ಅಂತ 1,200 ಹಿಡಿದುಕೊಂಡ, ವಾಲ್ವಿಗೂ ದುಡ್ಡು ಹಿಡಿದ ಪುಣ್ಯಾತ್ಮ.

ಹೊಸ ಟೈರು ಹಾಕಿಸಿದ ಮೇಲಿನ ಮೊದಲ ಮಳೆ. ಟಿನ್ ಫ್ಯಾಕ್ಟರಿ ಹತ್ತಿರ ಮೆಟ್ರೋ ಕೆಲಸದ ಕೆಸರು ರಸ್ತೆ ತುಂಬಾ. ಮುಂದೆ ಬಸ್ ನಿಂತಿತು. ಪೆಡಲ್ ಗಡಗಡ ಅಂತ ಕಾಲನ್ನೇ ತಳ್ಳುತ್ತಿತ್ತು, ನಾನು ಇನ್ನೂ ಒತ್ತಿದೆ. ನಿಂತಾಗ ಬಸ್ಸಿನ ಹಿಂದಿನ ಬೋಲ್ಟಿನ ತುಕ್ಕು ಕಾಣುತ್ತಿತ್ತು. 2019ರ ಏಪ್ರಿಲ್‌ನಿಂದ ಎಲ್ಲ ಕಾರಿಗೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಕಡ್ಡಾಯ, ಆದರೂ ಅದು ಗಡಗಡ ಅಂದ ತಕ್ಷಣ ಅರ್ಧ ಜನ ಹೆದರಿ ಕಾಲು ಎತ್ತುತ್ತಾರೆ.

ಜೆ.ಸಿ. ರಸ್ತೆ ಗಿರಾಕಿ
ಕುಣಿಯುವವರು ಅಂದರೆ ಯಾರು? ನಿಮ್ಮ ಸ್ವಿಫ್ಟಿನ ಎಲೆಕ್ಟ್ರಿಕ್ ಸ್ಟೇರಿಂಗಿಗೆ ಯಾವ ಟೈರು ಹಾಕಿದರೂ ಗೊಂಬೆ ಕಾರೇ.

ಬಿಡದಿ ಬ್ರೇಕ್
ಇಬ್ಬರೂ ಇನ್ನೂ ಹಳೇ ಕಾಲದಲ್ಲೇ ಇದ್ದೀರಿ. ನನ್ನದು ಅಡಾಸ್ (ಕ್ಯಾಮೆರಾದಲ್ಲಿ ನೋಡಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇರುವ ಗಾಡಿ. ಮೈಸೂರು ಹೈವೇಯಲ್ಲಿ ಬಿಡದಿ ದಾಟಿದ ಮೇಲೆ ಮುಂದಿನ ಕಾರು ಏಕಾಏಕಿ ಎಡಕ್ಕೆ ಹೋಯಿತು. ಅದರ ಮುಂದೆ ಬಲ ಲೇನಿನಲ್ಲೇ ಪಂಕ್ಚರ್ ಆದ ಪಿಕಪ್ ನಿಂತಿದೆ, ಜ್ಯಾಕ್ ಹಾಕಿದ್ದಾರೆ. ನನ್ನ ಕಾಲು ಬ್ರೇಕಿಗೆ ಹೋಗುವ ಮೊದಲೇ ಗಾಡಿ ಬ್ರೇಕ್ ಹಾಕಿತ್ತು. ನಿಮ್ಮ ಹೈಡ್ರಾಲಿಕ್ ಇದನ್ನು ಮಾಡುತ್ತಾ?

ಆದರೆ ಟ್ರಾಫಿಕ್ ತುಂಬಿದ ಸಿಲ್ಕ್ ಬೋರ್ಡ್‌ನಲ್ಲಿ ಕಥೆಯೇ ಬೇರೆ. ಬೈಕಿನವರು ಮುಂದಿನ ಸಂದಿಗೆ ನುಗ್ಗುತ್ತಾರೆ, ಗಾಡಿ ಬೆಚ್ಚಿಬಿದ್ದು ನಿಲ್ಲುತ್ತದೆ. ಹಾಗೇ ಒಂದು ದಿನ ಹಿಂದಿನ ಆಟೋ ಬಂದು ಗುದ್ದಿತು. ಬಂಪರ್, ಹಿಂದಿನ ಬಾಗಿಲು, ಎರಡು ಸೆನ್ಸರ್ ಸೇರಿ 64,000. ಇನ್ಶೂರೆನ್ಸ್ ಕೊಟ್ಟಿತು, ಆದರೆ 35% ಇದ್ದ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯಿತು. ಆಮೇಲೆ ರಾಮನಗರದಲ್ಲಿ ಟಿಪ್ಪರಿನಿಂದ ಕಲ್ಲು ಬಿದ್ದು ಮುಂದಿನ ಗಾಜು ಒಡೆಯಿತು. ಕ್ಯಾಮೆರಾ ಕೂತಿರುವುದೇ ಆ ಗಾಜಿನ ಮೇಲೆ, ಹಾಗಾಗಿ ಗಾಜು 31,000, ಕ್ಯಾಮೆರಾ ಸರಿಹೊಂದಿಸುವ ಕ್ಯಾಲಿಬ್ರೇಷನ್ ಅಂತ ಬೇರೆ 9,500. ಅದನ್ನು ಮಾಡುವ ಯಂತ್ರ ಇರುವ ವರ್ಕ್‌ಶಾಪ್ ಒಂದೇ, ಅಲ್ಲಿ ಸರದಿ ಬರುವ ಹೊತ್ತಿಗೆ ದೀಪಾವಳಿ ಮುಗಿದಿತ್ತು. ಈಗ ಊರೊಳಗೆ ಅಡಾಸ್ ಆಫ್ ಮಾಡಿಕೊಳ್ಳುತ್ತೇನೆ. ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಮತ್ತೆ ತಾನೇ ಆನ್ ಆಗಿರುತ್ತದೆ, ಅದೊಂದು ಕಿರಿಕಿರಿ.

ರಬ್ಬರ್ ಮಾತ್ರ ಸತ್ಯ
ಆಫ್ ಮಾಡಿಕೊಂಡು ಓಡಿಸುವುದಕ್ಕೆ ಲಕ್ಷ ಲಕ್ಷ ಜಾಸ್ತಿ ಕೊಟ್ಟಿರಿ, ಅಲ್ವಾ?

ಬಿಡದಿ ಬ್ರೇಕ್
ನಾಲ್ಕು ವರ್ಷ ಹಳೇ ಟೈರು ಮನೆ ತನಕ ತಂದವರು ನೀವು. ಸುಮ್ನಿರಿ.

ಕ್ಲಚ್‌ಪ್ಯಾಕ್ ಸಂತ್ರಸ್ತ
ಆಟೋಮ್ಯಾಟಿಕ್ ಅಂದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಯಾವ ಆಟೋಮ್ಯಾಟಿಕ್ ಅಂತ ಕೇಳಿ ಮೊದಲು. ನಾನು ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಗೇರ್ ಬಾಕ್ಸ್) ತಗೊಂಡೆ, ಡ್ರೈ ಕ್ಲಚ್, ಅಂದರೆ ಎಣ್ಣೆಯಲ್ಲಿ ಮುಳುಗಿರದ್ದು. ಹೈವೇಯಲ್ಲಿ ಬೆಣ್ಣೆ. ಸರ್ಜಾಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ತೆವಳುವಾಗ ಅದು ಹಾಫ್ ಕ್ಲಚ್ ಹಿಡಿದುಕೊಂಡೇ ಇರುತ್ತದೆ, ಬಿಸಿಯಾಗುತ್ತದೆ, ಪರದೆ ಮೇಲೆ ಪಕ್ಕಕ್ಕೆ ನಿಲ್ಲಿಸಿ ಅಂತ ಬರುತ್ತದೆ. ಪಕ್ಕ ಎಲ್ಲಿದೆ ಸ್ವಾಮಿ ಆ ರಸ್ತೆಯಲ್ಲಿ? ಒಮ್ಮೆ ನೀರಿನ ಟ್ಯಾಂಕರ್ ಹಿಂದಕ್ಕೆ ಬರುತ್ತಿತ್ತು, ನಾನು ತಪ್ಪಿಸಿಕೊಳ್ಳಲು ಆಕ್ಸಿಲರೇಟರ್ ಒತ್ತಿದರೆ ಗಾಡಿ ಯೋಚನೆ ಮಾಡುತ್ತಾ ನಿಂತಿದೆ. ಬಾನೆಟ್ ಮೂತಿ ಒಳಗೆ ಹೋಯಿತು, 42,000. ಅದೇ ವರ್ಷ ಕ್ಲಚ್ ಪ್ಯಾಕ್ ಹೋಯಿತು. ವಾರಂಟಿ ಮುಗಿದಿತ್ತು. ಬಿಲ್ 1,38,000. ಬೇಡಿಕೊಂಡಿದ್ದಕ್ಕೆ ಲೇಬರ್‌ನಲ್ಲಿ 6,000 ಬಿಟ್ಟರು, ಅದನ್ನೇ ಗುಡ್‌ವಿಲ್ ಅಂದರು.

ಮಾರಿ ಇವಿ (ಎಲೆಕ್ಟ್ರಿಕ್ ಕಾರು) ತಗೊಂಡೆ. ಒತ್ತಿದ ಕ್ಷಣ ಹೋಗುತ್ತದೆ, ಗೇರು ಹುಡುಕುವುದೇ ಇಲ್ಲ. ಮೊನ್ನೆ ಮಾರತ್ತಹಳ್ಳಿ ಸೇತುವೆ ಕೆಳಗೆ ಒಂದು ಕ್ಯಾಬ್ ಪಕ್ಕದಿಂದ ಒತ್ತಿಕೊಂಡು ಬಂತು. ಬ್ರೇಕ್ ಹಾಕಿದ್ದರೆ ಹಿಂದಿನವನು ಬಂದು ಬಡಿಯುತ್ತಿದ್ದ. ಮುಂದೆ ಜಾಗ ಇತ್ತು, ಹಾರಿ ತಪ್ಪಿಸಿಕೊಂಡೆ. ಜೊತೆಗೆ ನಾನು ತಗೊಂಡಾಗ ಇವಿಗೆ ಲೈಫ್‌ಟೈಮ್ ಟ್ಯಾಕ್ಸ್ ಇರಲಿಲ್ಲ.

ಜೆ.ಸಿ. ರಸ್ತೆ ಗಿರಾಕಿ
ಬಂತು ನೋಡಿ. ನಾವು 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ 17% ಕಟ್ಟಬೇಕು, ಮೇಲೆ ಸೆಸ್ಸು. ರಸ್ತೆ ಮಾತ್ರ ನಿಮಗೂ ಬೇಕು.

ಕ್ಲಚ್‌ಪ್ಯಾಕ್ ಸಂತ್ರಸ್ತ
ಯಾವ ರಸ್ತೆ? ಗುಂಡಿ ತೋರಿಸಿ ರಸ್ತೆ ಅನ್ನಬೇಡಿ. 2024ರಲ್ಲಿ 25 ಲಕ್ಷ ದಾಟಿದ ಇವಿಗೆ 10% ಹಾಕಿದರಲ್ಲ, ಹೊಟ್ಟೆ ತಣ್ಣಗಾಗಲಿಲ್ವಾ?

ಬಿಡದಿ ಬ್ರೇಕ್
ನಿಮ್ಮ ಇವಿ ಶಿರಾಡಿ ಘಾಟ್ ಹತ್ತಿ ಸಕಲೇಶಪುರ ಮುಟ್ಟಿದಾಗ ಬ್ಯಾಟರಿ ಎಷ್ಟು ಪರ್ಸೆಂಟ್ ಉಳಿದಿರುತ್ತದೆ ಅಂತ ಹೇಳಿ, ಆಮೇಲೆ ಮಾತಾಡೋಣ.

ಕ್ಲಚ್‌ಪ್ಯಾಕ್ ಸಂತ್ರಸ್ತ
ಇಳಿಯುವಾಗ ಒಂದಿಷ್ಟು ವಾಪಸ್ ತುಂಬಿಕೊಳ್ಳುತ್ತದೆ. ನಿಮ್ಮ ಟ್ಯಾಂಕು ತುಂಬುತ್ತಾ?

ಹೆಬ್ಬಾಳ ಕಡೆಯವನು
ಎಲ್ಲರಿಗೂ ಥ್ಯಾಂಕ್ಸ್. ಮಂಡಿ ಬಗ್ಗೆ ಯಾರೂ ಹೇಳಲಿಲ್ಲ. ಶನಿವಾರ ಎರಡು ಗಾಡಿ ಟೆಸ್ಟ್ ಡ್ರೈವ್ ಇದೆ, ಒಂದು ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಆಟೋಮ್ಯಾಟಿಕ್), ಒಂದು ಎಎಂಟಿ (ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವುದು).

ಕ್ಲಚ್‌ಪ್ಯಾಕ್ ಸಂತ್ರಸ್ತ
ಎಎಂಟಿಯನ್ನು ಶೋರೂಮಿನವರು ಹೇಳಿದ ಖಾಲಿ ರಸ್ತೆಗೆ ತಗೊಂಡು ಹೋಗಬೇಡಿ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಕಡೆ ತಿರುಗಿಸಿ. ನಿಂತಲ್ಲಿಂದ ಒಮ್ಮೆಲೇ ಒತ್ತಿ ನೋಡಿ, ಒಂದರಿಂದ ಎರಡಕ್ಕೆ ಹೋಗುವಾಗ ತಲೆ ಎಷ್ಟು ಮುಂದಕ್ಕೆ ಬಾಗುತ್ತದೆ ಗಮನಿಸಿ.

ರಬ್ಬರ್ ಮಾತ್ರ ಸತ್ಯ
ಟೆಸ್ಟ್ ಡ್ರೈವ್ ಗಾಡಿಯ ಟೈರೂ ನೋಡಿ. ನಿಮಗೆ ಡೆಲಿವರಿ ಕೊಡುವಾಗ ಅದೇ ಬ್ರಾಂಡ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಜೆ.ಸಿ. ರಸ್ತೆ ಗಿರಾಕಿ
ಮಾರಲೇಬೇಕು ಅಂತಾದರೆ ಎಕ್ಸ್‌ಚೇಂಜಿಗೆ ಕೊಡಬೇಡಿ, ಮೊದಲು ನನಗೆ ಮೆಸೇಜ್ ಹಾಕಿ. ನನ್ನ ಗಾಡಿಯ ಲೋಯರ್ ಆರ್ಮ್ ಎಡಗಡೆದು ಮತ್ತೆ ಸದ್ದು ಮಾಡುತ್ತಿದೆ.