ದಾವಣಗೆರೆಯಿಂದ ಒಬ್ಬಳೇ ಮ್ಯಾಂಚೆಸ್ಟರಿಗೆ: ಕಡಿಮೆ ಖರ್ಚಿನಲ್ಲಿ ಹೇಗೆ?

ಮಂಡಿಪೇಟೆ ಮಗಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಬರುವ ಮೇ ಕೊನೆಗೋ ಜೂನಿಗೋ ಒಬ್ಬಳೇ ಇಂಗ್ಲೆಂಡಿಗೆ ಹೋಗಿಬರಬೇಕಂತ ಗಟ್ಟಿ ಮನಸ್ಸು ಮಾಡಿದ್ದೀನಿ. ಪ್ಯಾಕೇಜ್ ಟೂರಿನವರನ್ನ ವಿಚಾರಿಸಿದೆ. ಎಲ್ಲರದ್ದೂ ಒಂದೇ ಪಾಠ: ಲಂಡನ್, ಬಸ್ಸಿನ ಕಿಟಕಿಯಿಂದ ಅರಮನೆ, ಆಮೇಲೆ ಸ್ಟೋನ್‌ಹೆಂಜ್, ವಾಪಸ್. ಮ್ಯಾಂಚೆಸ್ಟರ್ ಅಂದರೆ "ಫುಟ್‌ಬಾಲ್ ಸ್ಟೇಡಿಯಂ ತೋರಿಸ್ತೀವಿ ಮೇಡಂ" ಅಂತಾರೆ.

ನನಗೆ ಬೇಕಿರೋದು ಆ ಊರೇ. ನಮ್ಮಪ್ಪ ಇಲ್ಲಿನ ಕಾಟನ್ ಮಿಲ್ಲಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ನಡೀತಿದ್ದ ಕಾಲ ಅದು. ರಾತ್ರಿ ಪಾಳಿ ಮುಗಿಸಿ ಬಂದರೆ ತಲೆಗೂದಲು, ಹುಬ್ಬು ಎಲ್ಲಾ ಅರಳೆ ಹತ್ತಿ ಬೆಳ್ಳಗಿರ್ತಿತ್ತು. ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆದಮೇಲೂ, ಅಂಗಡಿಯಲ್ಲಿ ಯಾವ ಬಟ್ಟೆ ಕೈಗೆ ಬಂದರೂ ಅಂಚಿನಿಂದ ಒಂದೆಳೆ ಜಗ್ಗಿ, ಹೆಬ್ಬೆರಳಲ್ಲಿ ಹೊಸೆದು ನೋಡಿ, ಇದು 40ರ ನೂಲು, ಇದು 60ರದ್ದು ಅಂತ ಹೇಳೋರು (ಸಂಖ್ಯೆ ಹೆಚ್ಚಿದಷ್ಟೂ ನೂಲು ಸಣ್ಣ). ಆ ಮ್ಯಾಂಚೆಸ್ಟರ್ ಹೆಂಗಿತ್ತೋ ನೋಡಬೇಕಿತ್ತು ಅಂತ ಅಂದುಕೊಂಡೇ ಹೋದರು. ಈಗ ನಾನು ನೋಡಬೇಕು.

ವಿಮಾನ, ವೀಸಾ ಬಿಟ್ಟು ದಿನಕ್ಕೆ 60 ಪೌಂಡ್ ಒಳಗೆ ನಡೀಬೇಕು. ಎರಡು ವಾರಕ್ಕೆ ರಜೆ ಸಿಗಬಹುದು. ಮೊಟ್ಟೆ ಕೂಡ ತಿನ್ನಲ್ಲ. ಎಲ್ಲಿ ಉಳಿದುಕೊಳ್ಳಲಿ, ರೈಲೋ ಬಸ್ಸೋ, ಒಂಟಿ ಹೆಂಗಸಿಗೆ ಹಾಸ್ಟೆಲ್ ಸರಿಹೋಗುತ್ತಾ? ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ದುರ್ಗದ ಮೇಷ್ಟ್ರು, ಚಿತ್ರದುರ್ಗ

ನಿಮ್ಮ ತಂದೆಯವರ ವಿಷಯ ಓದಿ ಬರೆಯದೇ ಇರಲಾಗಲಿಲ್ಲ ತಂಗಿ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದವನು. ನಿವೃತ್ತನಾದ ಮೇಲೆ ಒಬ್ಬನೇ ಅಲ್ಲೆಲ್ಲ ಸುತ್ತಿ ಬಂದೆ.

ಮೊದಲನೆಯದಾಗಿ, ಲಂಡನ್ನಿಗೇ ಇಳಿಯಬೇಕೆಂದೇನಿಲ್ಲ. ಬೆಂಗಳೂರಿನಿಂದ ದುಬೈ, ದೋಹಾ ಅಥವಾ ಅಬುಧಾಬಿ ಮೇಲೆ ಮ್ಯಾಂಚೆಸ್ಟರಿಗೆ ಹೋಗಬಹುದು. ಹೋಗುವಾಗ ಮ್ಯಾಂಚೆಸ್ಟರ್, ಬರುವಾಗ ಲಂಡನ್ ಎಂದು ಒಂದೇ ಟಿಕೆಟ್ ಮಾಡಿಸಿದರೆ ವಾಪಸು ಬರುವ ದಾರಿಯ ಖರ್ಚು ಉಳಿಯುತ್ತದೆ.

ಬ್ರಿಟನ್ನಿನಲ್ಲಿ ನಮ್ಮ ದುಡ್ಡು ಹೋಗುವುದು ಹಾಸಿಗೆಗೆ ಮತ್ತು ರೈಲಿಗೆ. ನೋಡುವುದಕ್ಕೆ ಅಷ್ಟಾಗಿ ಬೇಕಿಲ್ಲ. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಿಗೆ 2001ರ ಡಿಸೆಂಬರಿನಿಂದ ಪ್ರವೇಶ ಶುಲ್ಕವಿಲ್ಲ. ಆದ್ದರಿಂದ ಹಾಸಿಗೆ ಅಗ್ಗವಿರುವ, ಅಕ್ಕಪಕ್ಕದ ಊರುಗಳು ಒಂದು ಗಂಟೆ ಆಚೀಚೆಯಲ್ಲಿರುವ ಒಂದು ಊರಲ್ಲಿ ಬಿಡಾರ ಹೂಡಿ, ಬೆಳಿಗ್ಗೆ ಹೋಗಿ ಸಂಜೆ ಬರುವುದೇ ಸರಿ. ಆ ಊರು ಮ್ಯಾಂಚೆಸ್ಟರೇ. ಲಿವರ್‌ಪೂಲ್, ಲೀಡ್ಸ್, ಶೆಫೀಲ್ಡ್ ಎಲ್ಲವೂ ಒಂದು ಗಂಟೆಯ ಆಸುಪಾಸು. ಯಾರ್ಕ್ ಒಂದೂವರೆ ಗಂಟೆ.

ಕ್ಯಾಸಲ್‌ಫೀಲ್ಡ್ ಎಂಬಲ್ಲಿ ಕಾಲುವೆ ದಂಡೆಗೆ ವೈಎಚ್‌ಎ ಎಂಬ ಯೂತ್ ಹಾಸ್ಟೆಲ್ ಸಂಸ್ಥೆಯ ಹಾಸ್ಟೆಲ್ ಇದೆ. ಅಲ್ಲಿಂದ ಸ್ವಲ್ಪವೇ ನಡೆದರೆ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂ. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು 1830ರಲ್ಲಿ ಶುರುವಾದಾಗಿನ ನಿಲ್ದಾಣದ ಜಾಗವೇ ಅದು. ನೀವು ಮೊದಲು ಹೋಗಬೇಕಾದದ್ದು ಅಲ್ಲಿನ ಜವಳಿ ವಿಭಾಗಕ್ಕೆ. ಹಳೆಯ ಯಂತ್ರಗಳನ್ನು ಗೊತ್ತುಪಡಿಸಿದ ಹೊತ್ತಿಗೆ ಓಡಿಸಿ ತೋರಿಸುತ್ತಾರೆ, ಬಾಗಿಲಲ್ಲೇ ವೇಳೆ ಕೇಳಿಕೊಳ್ಳಿ. ನಾನು ಹೋದ ದಿನ ಯಂತ್ರ ನಡೆಸುತ್ತಿದ್ದ ಹೆಣ್ಣುಮಗಳು ಹಿಂಜಿದ ಹತ್ತಿಯ ಒಂದು ಹಂಜಿಯನ್ನು ಕೈಗೆ ಕೊಟ್ಟು "ಎಳೆಯಿರಿ" ಎಂದರು. ಎಳೆದರೆ ಸುಮ್ಮನೆ ಬಿಟ್ಟುಕೊಂಡಿತು. ಅದನ್ನೇ ನಾಲ್ಕು ಸುತ್ತು ಹೊಸೆದು ಮತ್ತೆ ಕೊಟ್ಟರು. ಈಗ ಎಷ್ಟು ಜಗ್ಗಿದರೂ ಹರಿಯಲಿಲ್ಲ. ಆಮೇಲೆ ಯಂತ್ರ ಚಾಲೂ ಮಾಡಿದರು. ಕಾಲಕೆಳಗಿನ ನೆಲ ಅದುರಿತು, ಪಕ್ಕದಲ್ಲಿದ್ದವರ ಮಾತು ಕೇಳಿಸಲಿಲ್ಲ. ಒಂದೇ ಒಂದು ಯಂತ್ರಕ್ಕೆ ಇಷ್ಟು ಸದ್ದು. ನೂರಾರು ಯಂತ್ರಗಳ ನಡುವೆ ಎಂಟು ಗಂಟೆ ನಿಂತವರ ಕಿವಿ ಏನಾಗಿರಬೇಕು ಎಂದು ಅಲ್ಲಿ ನಿಂತಾಗಲೇ ನನಗೆ ಅರ್ಥವಾದದ್ದು. ನಿಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಅಲ್ಲಿಂದ ಊರೊಳಗೆ ನಡೆಯಿರಿ. ರಾಯಲ್ ಎಕ್ಸ್‌ಚೇಂಜ್ ಒಂದು ಕಾಲಕ್ಕೆ ಹತ್ತಿ ಮತ್ತು ಬಟ್ಟೆ ವ್ಯಾಪಾರದ ದೊಡ್ಡ ಮಂಡಿ, ಈಗ ರಂಗಮಂದಿರ. ಒಳಗೆ ಹೋಗಿ ತಲೆ ಎತ್ತಿ ನೋಡಿದರೆ, 1968ರಲ್ಲಿ ವ್ಯವಹಾರ ನಿಂತ ದಿನದ ಧಾರಣೆಯನ್ನು ಹಲಗೆಯ ಮೇಲೆ ಹಾಗೆಯೇ ಬಿಟ್ಟಿದ್ದಾರೆ. ಹತ್ತಿರದಲ್ಲೇ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯ, ಪ್ರವೇಶ ಉಚಿತ. ಹತ್ತಿ ವ್ಯಾಪಾರದಲ್ಲಿ ಸಿರಿವಂತನಾದ ಗಂಡನ ನೆನಪಿಗೆ ಹೆಂಡತಿ ಎನ್ರಿಕೆಟಾ ಕಟ್ಟಿಸಿ 1900ರಲ್ಲಿ ತೆರೆದದ್ದು. ಒಳಗೆ ಕಾಲಿಟ್ಟರೆ ಇಗರ್ಜಿಗೆ ಬಂದೆವೇನೋ ಅನ್ನಿಸುತ್ತದೆ.

ಲಿಂಕನ್ ಸ್ಕ್ವೇರಿನಲ್ಲಿ ಅಬ್ರಹಾಂ ಲಿಂಕನ್ ಪ್ರತಿಮೆ ಇದೆ. ಮ್ಯಾಂಚೆಸ್ಟರಿನಲ್ಲಿ ಲಿಂಕನ್ ಯಾಕೆ? 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು ಮ್ಯಾಂಚೆಸ್ಟರ್ ಸುತ್ತಿನ ಲ್ಯಾಂಕಾಶೈರ್ ಸೀಮೆಯ ಮಿಲ್ಲುಗಳು ಮುಚ್ಚಿದವು, ಕೂಲಿಕಾರರು ಉಪವಾಸ ಬಿದ್ದರು. ಆದರೂ ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್ ಪರ ನಿಂತರು. 1863ರಲ್ಲಿ ಅವನು ಬರೆದ ಉತ್ತರದ ಮಾತುಗಳನ್ನು ಪೀಠದ ಮೇಲೆ ಕೆತ್ತಿದ್ದಾರೆ. ಅದೇ ಹೊತ್ತಿನಲ್ಲಿ ಹತ್ತಿಗಾಗಿ ಅವರು ತಿರುಗಿದ್ದು ನಮ್ಮ ಕಡೆಗೆ. ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಬಂದದ್ದೂ ಆಗಲೇ. ಲ್ಯಾಂಕಾಶೈರಿನ ಬಟ್ಟೆ ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆದದ್ದೂ ನಿಜ, ಅಲ್ಲಿನ ಕೂಲಿಯವನೂ ಹಸಿದಿದ್ದದ್ದೂ ನಿಜ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಗಾಂಧೀಜಿ ಲ್ಯಾಂಕಾಶೈರಿನ ಡಾರ್ವೆನ್ ಎಂಬ ಮಿಲ್ಲಿನ ಊರಿಗೆ ಹೋದಾಗ, ವಿದೇಶಿ ಬಟ್ಟೆ ಬೇಡವೆಂದ ಆ ಮನುಷ್ಯನನ್ನೇ ಅಲ್ಲಿನ ಮಿಲ್ ಹೆಂಗಸರು ಸುತ್ತುವರಿದು ಜಯಕಾರ ಹಾಕಿದರು. ಡಾರ್ವೆನ್‌ಗೆ ಮ್ಯಾಂಚೆಸ್ಟರ್ ವಿಕ್ಟೋರಿಯಾ ನಿಲ್ದಾಣದಿಂದ ರೈಲಿದೆ. ನೋಡಲು ಸಣ್ಣ ಊರು. ಆದರೂ ನನಗೆ ಇಡೀ ಪ್ರಯಾಣದಲ್ಲಿ ಮನಸ್ಸು ತುಂಬಿ ಬಂದದ್ದು ಅಲ್ಲೇ.

ದುಡ್ಡು ಕೊಟ್ಟು ನೋಡಲೇಬೇಕಾದ ಜಾಗವೆಂದರೆ ಕ್ವಾರಿ ಬ್ಯಾಂಕ್. 1784ರಲ್ಲಿ ಶುರುವಾದ ನೂಲಿನ ಗಿರಣಿ, ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಹತ್ತಿರ. ನೀರಿನ ದೊಡ್ಡ ಚಕ್ರವಿದೆ, ದುಡಿಮೆಗೆ ತಂದಿಟ್ಟುಕೊಂಡಿದ್ದ ಅನಾಥ ಮಕ್ಕಳು ಮಲಗುತ್ತಿದ್ದ ಮನೆಯೂ ಇದೆ. ಪುಕ್ಕಟೆ ಬೇಕೆಂದರೆ ಲೀಡ್ಸ್‌ನಿಂದ ಹದಿನೈದು ನಿಮಿಷದ ರೈಲಿನಲ್ಲಿ ಸಾಲ್ಟೇರ್. ಟೈಟಸ್ ಸಾಲ್ಟ್ ಎಂಬ ಮಿಲ್ ಮಾಲೀಕ ಕಾರ್ಮಿಕರಿಗಾಗಿ ಕಟ್ಟಿಸಿದ ಊರು, ಈಗ ವಿಶ್ವ ಪರಂಪರೆ ತಾಣ.

ರೈಲಿನ ವಿಷಯ. ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ಟಿಕೆಟ್ಟಿನಲ್ಲಿ ನಮೂದಾದ ರೈಲಿಗೇ ಹತ್ತಬೇಕು. ಯಾವುದೇ ರೈಲು ಕಂಪನಿಯ ಜಾಲತಾಣದಲ್ಲಿ ಬೇರೆ ಕಂಪನಿಗಳ ಟಿಕೆಟ್ಟೂ ಸಿಗುತ್ತದೆ, ಬುಕಿಂಗ್ ಶುಲ್ಕ ಇರುವುದಿಲ್ಲ. ನನಗೆ 60 ದಾಟಿದ್ದರಿಂದ ಸೀನಿಯರ್ ರೈಲ್‌ಕಾರ್ಡಿನಲ್ಲಿ ಮೂರನೇ ಒಂದು ಪಾಲು ಕಡಿತ ಸಿಕ್ಕಿತು. 30ರವರೆಗಿನವರಿಗೂ ಅಂಥದ್ದೇ ಕಾರ್ಡಿದೆ. 31ರಿಂದ 59ರೊಳಗಿನ ಒಂಟಿ ಪ್ರಯಾಣಿಕರಿಗೆ ಆ ಉತ್ತರದ ಊರುಗಳಲ್ಲಿ ನಡೆಯುವ ಕಾರ್ಡಿಲ್ಲ, ನಿಮಗೆ ಮೊದಲೇ ಕಾಯ್ದಿರಿಸುವುದೊಂದೇ ದಾರಿ. ದೂರದ ಹಾದಿಗೆ ನ್ಯಾಷನಲ್ ಎಕ್ಸ್‌ಪ್ರೆಸ್, ಫ್ಲಿಕ್ಸ್‌ಬಸ್ ಕಂಪನಿಗಳ ಬಸ್ ನೋಡಿ. ಹೊತ್ತು ಹೆಚ್ಚು ಹಿಡಿಯುತ್ತದೆ, ದುಡ್ಡು ಬಹಳ ಉಳಿಯುತ್ತದೆ.

ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗುವ ಆಸೆಯಿದ್ದರೆ ಆಗಸ್ಟ್ ಬಿಟ್ಟು ಹೋಗಿ. ಆ ತಿಂಗಳ ಉತ್ಸವಗಳಿಗೆ ಹಾಸಿಗೆಯ ಬೆಲೆ ಎಲ್ಲಿಗೋ ಏರುತ್ತದೆ. ಕೋಟೆಗೆ ಟಿಕೆಟ್ ದುಬಾರಿ, ನಾನು ಹೊರಗಿನಿಂದಲೇ ನೋಡಿದೆ. ಆರ್ಥರ್ಸ್ ಸೀಟ್ ಗುಡ್ಡ 251 ಮೀಟರ್, ಹತ್ತಲು ದುಡ್ಡಿಲ್ಲ. ದುರ್ಗದ ಬೆಟ್ಟ ಹತ್ತಿದ ಕಾಲುಗಳಿಗೆ ಅದೇನೂ ದೊಡ್ಡದಲ್ಲ.

ಹರಿಹರದ ನರ್ಸಕ್ಕ, ಲೀಡ್ಸ್

ಅಕ್ಕಾ, ನಾನು ಹರಿಹರದವಳು, ಇಲ್ಲಿ ನರ್ಸ್. ಮೇಷ್ಟ್ರು ಊಟದ ಬಗ್ಗೆ ಏನೂ ಬರೆದಿಲ್ಲ, ಅದು ನನ್ನ ಪಾಲು.

ಸೂಪರ್ ಮಾರ್ಕೆಟ್ ಸ್ಯಾಂಡ್‌ವಿಚ್ ಮೇಲೆ ವೆಜಿಟೇರಿಯನ್ ಅಂತ ಇದ್ದರೂ ಮೊಟ್ಟೆ ಇರುತ್ತೆ, ಚೀಸ್ ಈರುಳ್ಳಿ ಸ್ಯಾಂಡ್‌ವಿಚ್‌ನ ಮೇಯನೇಸ್‌ನಲ್ಲೇ ಇರುತ್ತೆ. ಹಿಂದುಗಡೆ ಪದಾರ್ಥಗಳ ಪಟ್ಟಿ ನೋಡಿ. ಮೊಟ್ಟೆ, ಹಾಲು, ಗೋಧಿ ಇಂಥವನ್ನ ಎದ್ದು ಕಾಣೋ ಹಾಗೆ ಅಚ್ಚು ಹಾಕಬೇಕು ಅಂತ ಇಲ್ಲಿ ಕಾನೂನೇ ಇದೆ, ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿರುತ್ತೆ. ವೀಗನ್ ಅಂತ, ಅಂದರೆ ಹಾಲು ಮೊಟ್ಟೆ ಯಾವುದೂ ಇಲ್ಲದ್ದು ಅಂತ, ಇದ್ದರೆ ತಲೆಬಿಸಿ ಇಲ್ಲ. ಸೂಪರ್ ಮಾರ್ಕೆಟ್‌ಗಳಲ್ಲಿ ಆಲ್ಡಿ, ಲಿಡ್ಲ್ ಅಗ್ಗ. ಸಂಜೆ ಮೇಲೆ ಹೋದರೆ ಅವತ್ತೇ ಮುಗಿಯೋ ಸಾಮಾನಿಗೆ ಬೆಲೆ ಇಳಿಸಿ ಹಳದಿ ಚೀಟಿ ಅಂಟಿಸಿರ್ತಾರೆ.

ಹಾಸ್ಟೆಲ್ ಬುಕ್ ಮಾಡೋ ಮುಂಚೆ ಅಡುಗೆಮನೆ ಇದೆಯಾ ನೋಡ್ಕೊಳ್ಳಿ. ಇದ್ದರೆ ನಿಮ್ಮ ಅರ್ಧ ಖರ್ಚು ಅಲ್ಲೇ ಉಳೀತು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಂಡು ಬನ್ನಿ. ಬೆಣ್ಣೆ, ತುಪ್ಪ, ಪೇಡ ಮಾತ್ರ ಬೇಡವೇ ಬೇಡ. ಭಾರತದಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ, ಏರ್‌ಪೋರ್ಟಲ್ಲಿ ತೆಗೆದು ಬಿಸಾಕ್ತಾರೆ. ನಲ್ಲಿ ನೀರು ಧಾರಾಳವಾಗಿ ಕುಡೀಬಹುದು, ಬಾಟಲಿ ಒಂದಿದ್ದರೆ ಸಾಕು. ದೊಡ್ಡ ಊರುಗಳಲ್ಲಿ ಗುರುದ್ವಾರ ಇರ್ತವೆ. ತಲೆ ಮೇಲೆ ಸೆರಗೋ ದುಪಟ್ಟಾನೋ ಹಾಕ್ಕೊಂಡು ಹೋಗಿ ಕೂತರೆ ಬಿಸಿ ರೊಟ್ಟಿ, ದಾಲ್ ಬಡಿಸ್ತಾರೆ, ಯಾರು ಏನು ಅಂತ ಕೇಳಲ್ಲ. ಡ್ಯೂಟಿಗೆ ಸೇರಿದ ಹೊಸದರಲ್ಲಿ, ಸಂಬಳ ಬರೋ ಮುಂಚೆ, ನನಗೆ ಊಟ ಹಾಕಿದ್ದು ಅವರೇ. ಇವತ್ತಿಗೂ ರಜೆ ಇದ್ದ ಭಾನುವಾರ ಹೋಗಿ ಪಾತ್ರೆ ತೊಳೆದು ಬರ್ತೀನಿ.

ಹೆಂಗಸರಿಗೇ ಬೇರೆ ಡಾರ್ಮಿಟರಿ ಇರೋ ಹಾಸ್ಟೆಲ್ ಬಹಳ ಇವೆ. ಸಣ್ಣ ಬೀಗ, ಟವೆಲ್, ಮೂರು ಚೌಕ ಪಿನ್ನಿನ ಅಡಾಪ್ಟರ್ ತನ್ನಿ. ಶುಕ್ರವಾರ, ಶನಿವಾರ ರಾತ್ರಿ ಊರಿನ ನಡುಭಾಗದಲ್ಲಿ ಕುಡಿದವರ ಗಲಾಟೆ ಜಾಸ್ತಿ, ಹಾಸಿಗೆಗೂ ರೇಟ್ ಏರುತ್ತೆ, ಆ ಎರಡು ರಾತ್ರಿ ಸಣ್ಣ ಊರಲ್ಲಿ ಕಳೆಯೋದು ಒಳ್ಳೇದು. ಜೂನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತೆ, ಆ ಧೈರ್ಯ ಬೇರೆ. ತುರ್ತಿಗೆ 999. ಲೀಡ್ಸಿಗೆ ಬರೋ ದಿನ ಇಲ್ಲೇ ಒಂದು ಮಾತು ಹಾಕಿ, ಒಂದು ಹೊತ್ತು ಮುದ್ದೆ ಊಟ ನಮ್ಮನೇಲಿ.

ಜಗಳೂರಿನವನು, ಬೆಂಗಳೂರು

ವೀಸಾ ಬಗ್ಗೆ ಮಾತ್ರ. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲು ಬರಲ್ಲ, ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ ಆಗುತ್ತೆ. ಮೇಡಂ, ನೀವು ಬ್ಯಾಂಕಿನವರು, ನಿಮಗೆ ಹೇಳಬೇಕಿಲ್ಲ, ಆದರೂ: ಅರ್ಜಿಗೆ ಮುಂಚೆ ನೆಂಟರಿಂದ ದುಡ್ಡು ತಂದು ಖಾತೆಗೆ ತುಂಬಬೇಡಿ. ಆ ಹಣ ಎಲ್ಲಿಂದ ಬಂತು ಅಂತ ಕಾಗದ ಇಲ್ಲದಿದ್ದರೆ ಅನುಮಾನ ಬರುತ್ತೆ. ಆರು ತಿಂಗಳ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ರಜೆ ಮಂಜೂರಾದ ಪತ್ರ, ಊರಲ್ಲಿ ಮನೆ ಇದ್ದರೆ ಅದರ ಕಾಗದ ಇಡಿ. ದಿನಕ್ಕೆ 60 ಪೌಂಡ್ ಲೆಕ್ಕ ನಿಮ್ಮ ಸಂಬಳಕ್ಕೆ ಹೊಂದಿದರೆ ಅದೇ ದೊಡ್ಡ ಬಲ. ವೀಸಾ ಕೈಗೆ ಬರೋವರೆಗೂ ರದ್ದು ಮಾಡಬಹುದಾದ ಬುಕಿಂಗ್ ಮಾತ್ರ ಮಾಡಿ. ಈ ವೀಸಾದಲ್ಲಿ ಫ್ರಾನ್ಸ್, ಜರ್ಮನಿಯಂಥ ದೇಶಕ್ಕೆ ಹೋಗೋಕಾಗಲ್ಲ, ಅವಕ್ಕೆ ಬೇಕಾದ ಷೆಂಗೆನ್ ವೀಸಾ ಬೇರೆಯೇ.

ಮಂಡಿಪೇಟೆ ಮಗಳು, ದಾವಣಗೆರೆ

ಎಲ್ಲರಿಗೂ ಕೈ ಮುಗಿದೆ. ಮೇಷ್ಟ್ರೇ, ನಿಮ್ಮ ಬರಹವನ್ನ ಅಮ್ಮನಿಗೆ ಓದಿ ಹೇಳಿದೆ. ಒಬ್ಬಳೇ ಹೋಗೋದು ಬೇಡ ಅಂತಿದ್ದವರು ಈಗ ಕ್ವಾರಿ ಬ್ಯಾಂಕ್ ಅಂದರೆ ಎಲ್ಲಿ ಅಂತ ಮ್ಯಾಪಲ್ಲಿ ತೋರಿಸು ಅಂತಿದಾರೆ. ನರ್ಸಕ್ಕ, ಮುದ್ದೆಗೆ ಖಂಡಿತ ಬರ್ತೀನಿ. ವಾಪಸ್ ವಿಮಾನ ಲಂಡನ್ನಿಂದ ಅಂತ ಇಟ್ಟುಕೊಂಡರೆ ಅಲ್ಲಿ ಎರಡು ದಿನ ಸಿಗುತ್ತೆ. ದುಡ್ಡು ಬೇಡದ ಜಾಗ ಹೇಳಿ ಸಾರ್.

ದುರ್ಗದ ಮೇಷ್ಟ್ರು, ಚಿತ್ರದುರ್ಗ

ಲಂಡನ್ನಿನಲ್ಲಿ ಸುರಂಗ ರೈಲು ಬಿಟ್ಟು ಬಸ್ ಹಿಡಿಯಿರಿ. ಒಂದು ಸಲದ ದರಕ್ಕೇ ಒಂದು ಗಂಟೆಯೊಳಗೆ ಎಷ್ಟು ಬಸ್ ಬೇಕಾದರೂ ಬದಲಿಸಬಹುದು. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಮುಟ್ಟಿಸಬೇಕು. ಒಂದು ದಿನಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಹಣ ಕಡಿಯುವುದಿಲ್ಲವೆಂಬ ಮಿತಿಯಿದೆ, ದಿನವಿಡೀ ಒಂದೇ ಕಾರ್ಡ್ ಮುಟ್ಟಿಸಿದರೆ ಮಾತ್ರ ಅದರ ಲಾಭ ಸಿಗುವುದು. ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತರೆ ಅದೇ ಊರು ನೋಡಿದಂತೆ.

ಲ್ಯಾಂಬೆತ್ ಸೇತುವೆಯ ಹತ್ತಿರ ಥೇಮ್ಸ್ ದಂಡೆಯಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದೊಳಗೆ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಅನಾವರಣಗೊಂಡದ್ದು. ಬೆಳಿಗ್ಗೆ ಬೇಗ ಹೋಗಿ, ಜನ ಇರುವುದಿಲ್ಲ, ಹತ್ತು ನಿಮಿಷ ಕೂರಬಹುದು. ಪ್ರಿಮ್‌ರೋಸ್ ಹಿಲ್ ಹತ್ತಿರ ಕಿಂಗ್ ಹೆನ್ರೀಸ್ ರಸ್ತೆಯ 10ನೇ ಮನೆ, ಬಾಬಾಸಾಹೇಬ ಅಂಬೇಡ್ಕರರು 1921–22ರಲ್ಲಿ ಓದುವಾಗ ಉಳಿದಿದ್ದದ್ದು. ಈಗ ಸ್ಮಾರಕ, ತೆರೆಯುವ ವೇಳೆ ನೋಡಿಕೊಂಡು ಹೋಗಿ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿ, ಬಿಳಿ ಸಿಪಾಯಿಯ ಮೇಲೆ ಬಿದ್ದಿರುವುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು. ನಮ್ಮ ದುರ್ಗವನ್ನು 1779ರಲ್ಲಿ ಗೆದ್ದ ಹೈದರಾಲಿಯ ಮಗನ ವಸ್ತುವೆಂದು ನಾನು ಬಹಳ ಹೊತ್ತು ಅದರ ಮುಂದೆ ನಿಂತಿದ್ದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಧ್ರದ ಅಮರಾವತಿಯ ಬೌದ್ಧ ಶಿಲ್ಪಗಳನ್ನು ಬಿಡಬೇಡಿ.

ಸಾಧ್ಯವಾದರೆ ಆ ಎರಡು ದಿನಗಳಲ್ಲಿ ಒಂದು ಶುಕ್ರವಾರವಾಗಿರಲಿ. ಅಂದು ಬ್ರಿಟಿಷ್ ಮ್ಯೂಸಿಯಂ ರಾತ್ರಿ ಎಂಟೂವರೆಯವರೆಗೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಹತ್ತರವರೆಗೆ ತೆರೆದಿರುತ್ತವೆ. ಹಗಲು ಬಸವಣ್ಣ ಮತ್ತು ಅಂಬೇಡ್ಕರ್ ಮನೆ, ಸಂಜೆ ಇವೆರಡು. ಶನಿವಾರದ ಹಗಲು ಪೂರ್ತಿ ಕೈಯಲ್ಲಿ ಉಳಿಯುತ್ತದೆ, ರಾತ್ರಿ ವಿಮಾನ ಸಿಗುತ್ತದೆಯೇ ನೋಡಿ.