ಮಳೆಗಾಲದ ಮಲೆನಾಡಿನಲ್ಲಿ ಮಗುವಿಗೆ ಮೀನು ಎಲ್ಲಿ ತೋರಿಸುವುದು?

ಹುಬ್ಬಳ್ಳಿಯಿಂದ ಪ್ರಶ್ನೆ: ಜುಲೈ ಎರಡನೇ ವಾರ ನಾಲ್ಕು ದಿನ ಶಿವಮೊಗ್ಗ, ಶೃಂಗೇರಿ ಕಡೆ ಬರುತ್ತಿದ್ದೇವೆ. ಹೋದ ವರ್ಷ ಬೆಂಗಳೂರಿನಲ್ಲಿ ಮಳೆ ಹಿಡಿದುಕೊಂಡಾಗ ಕಬ್ಬನ್ ಪಾರ್ಕ್ ಪಕ್ಕದ ಮತ್ಸ್ಯಾಲಯಕ್ಕೆ ನುಗ್ಗಿದ್ದೆವು. ಅಂದಿನಿಂದ ಆರು ವರ್ಷದ ಮಗಳಿಗೆ ಮೀನಿನ ಹುಚ್ಚು. ಶೃಂಗೇರಿಯ ಮೀನು ತೋರಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೇನೆ. ಮಳೆಯಲ್ಲಿ ಕಾಣುತ್ತವೆಯೇ? ಇಲ್ಲದಿದ್ದರೆ ಬೇರೆಲ್ಲಿ?

ಶಿವಮೊಗ್ಗದಿಂದ: ಮಾತು ಕೊಡುವ ಮೊದಲು ಕೇಳಬೇಕಿತ್ತು ಸ್ವಾಮಿ. ನೀವು ಬರುವುದು ಪುನರ್ವಸು ಮಳೆಗೆ. ಆಗ ತುಂಗೆ ಕೆಂಪಗೆ, ಗಟ್ಟಿ ಚಹಾದಂತೆ ಹರಿಯುತ್ತಿರುತ್ತಾಳೆ. ಹೊಳೆ ಏರಿದರೆ ದಡದಲ್ಲಿರುವ ಕಪ್ಪೆ ಶಂಕರನ ಪುಟ್ಟ ಗುಡಿಯೇ ಮುಳುಗುತ್ತದೆ, ಇನ್ನು ಮೀನು ಕಾಣುವುದೆಲ್ಲಿಂದ ಬಂತು? ಇಂಥದೇ ಒಂದು ಮಳೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಸ್ನಾನಘಟ್ಟಕ್ಕೆ ಹಗ್ಗ ಕಟ್ಟಿದ್ದರು. ಮೀನಿಗೆಂದು ಕೊಂಡ ಮಂಡಕ್ಕಿಯನ್ನು ಕಾರಿನಲ್ಲಿ ಕೂತು ನಾವೇ ತಿಂದೆವು. ದೇವರ ದರ್ಶನಕ್ಕೆ ಧಾರಾಳವಾಗಿ ಹೋಗಿ. ಮೀನಿಗಾದರೆ ಡಿಸೆಂಬರ್, ಜನವರಿಯಲ್ಲಿ ಬನ್ನಿ, ನೀರು ತಿಳಿಯಾಗಿರುತ್ತದೆ.

ಭದ್ರಾವತಿಯಿಂದ: ಭದ್ರಾ ಅಣೆಕಟ್ಟಿನ ಬಳಿಯ ಬಿ.ಆರ್. ಪ್ರಾಜೆಕ್ಟಿನಲ್ಲಿ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರವಿದೆ. ಅದು ಪ್ರದರ್ಶನದ ಜಾಗವಲ್ಲ, ಮೊದಲೇ ಕೇಳಿಕೊಂಡು ಹೋಗಬೇಕು. ಆದರೆ ಮರಿ ಮಾಡಿಸುವ ಕಾಲವೇ ಮಳೆಗಾಲ. ಕಾಟ್ಲಾ, ರೋಹು ನಿಂತ ಕೊಳದ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ, ಅವಕ್ಕೆ ಹೊಳೆಯ ನೆರೆ ಬೇಕು. ಹಾಗಾಗಿ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಇಡಿಸುತ್ತಾರೆ. ನೀರು ಬೆಚ್ಚಗಿದ್ದರೆ ಒಂದು ದಿನ ತುಂಬುವುದರೊಳಗೆ ಮರಿ ಹೊರಬರುತ್ತದೆ. ಮೀನಿಗೂ ಸೂಜಿ ಚುಚ್ಚುತ್ತಾರೆ ಎಂದರೆ ನಿಮ್ಮ ಮಗಳು ಬಿಟ್ಟ ಕಣ್ಣು ಮುಚ್ಚುವುದಿಲ್ಲ.

ತೀರ್ಥಹಳ್ಳಿ ಹತ್ತಿರದಿಂದ: ಎಲ್ಲರೂ ಹೊಳೆಯನ್ನೇ ನೋಡುತ್ತಿದ್ದೀರಿ. ಮಳೆಗಾಲದಲ್ಲಿ ಮೀನು ಇರುವುದು ಗದ್ದೆಯಲ್ಲಿ! ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳ ಏರಿದ ಕೂಡಲೇ ಮೀನುಗಳು ಮೊಟ್ಟೆ ಇಡಲು ಹರಿವಿಗೆ ಎದುರಾಗಿ ಗದ್ದೆ, ತೋಡುಗಳತ್ತ ಹತ್ತುತ್ತವೆ. ಹತ್ತುಮೀನು ಎಂದು ನಾವು ಕರೆಯುವುದು ಇದನ್ನೇ. ಮೀನು ಹಿಡಿಯುವ ಬಿದಿರಿನ ಕೂಣಿ ಒಡ್ಡಿ, ಕತ್ತಿ ಹಿಡಿದು ರಾತ್ರಿಯಿಡೀ ಬೇಟೆಯಾಡುವವರಿದ್ದಾರೆ. ಬಸುರಿ ಮೀನನ್ನು ಕಡಿದು ಆಮೇಲೆ ಹೊಳೆಯಲ್ಲಿ ಮೀನಿಲ್ಲ ಎಂದು ಗೊಣಗುವವರೂ ಅವರೇ, ಇರಲಿ. ನೀವು ಬರುವ ಹೊತ್ತಿಗೆ ಆ ಭರಾಟೆ ಮುಗಿದಿರುತ್ತದೆ, ಮರಿಗಳು ಮಾತ್ರ ಉಳಿದಿರುತ್ತವೆ. ಉಳಿದುಕೊಳ್ಳುವ ಮನೆಯವರನ್ನು ಕೇಳಿ ಗದ್ದೆಯ ಅಂಚಿಗೆ ಹೋಗಿ. ಅಗಲ ಬಾಯಿಯ ಗಾಜಿನ ಬಾಟಲಿಯನ್ನು ನೀರು ಬೀಳುವ ಕಂಡಿಯ ಕೆಳಗೆ ಓರೆಯಾಗಿ ಮುಳುಗಿಸಿ, ಕೈ ಅಲುಗಿಸದೆ ಹಿಡಿಯಿರಿ. ಬೆಳಕಿಗೆ ಎತ್ತಿದರೆ ಮರಿಯ ಮೈಯೊಳಗಿನ ಮುಳ್ಳು, ಕರುಳು ಎಲ್ಲ ಕಾಣುತ್ತದೆ. ಐದು ನಿಮಿಷ ನೋಡಿ ಅದೇ ಜಾಗದಲ್ಲಿ ಬಿಟ್ಟುಬಿಡಿ. ಹಳ್ಳದ ಕಡೆ ಮಾತ್ರ ಮಗುವನ್ನು ಬಿಡಬೇಡಿ, ಮೊಣಕಾಲು ಮಟ್ಟದ ನೀರೂ ಎಳೆದುಕೊಂಡು ಹೋಗುತ್ತದೆ. ರಕ್ತ ಹೀರುವ ಉಂಬಳಕ್ಕೆ ಉಪ್ಪಿನ ಗಂಟು ಜೊತೆಗಿರಲಿ.

ಸಾಗರದಿಂದ: ಬಾಟಲಿಯ ಉಪಾಯ ಚೆನ್ನಾಗಿದೆ. ಒಂದೇ ಮಾತು, ಗದ್ದೆಗೆ ಔಷಧಿ ಹೊಡೆದಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಿ.

ಹುಬ್ಬಳ್ಳಿಯಿಂದ ಮತ್ತೆ: ನಿನ್ನೆ ರಾತ್ರಿ ಊರು ಸೇರಿದೆವು. ಶೃಂಗೇರಿಯಲ್ಲಿ ಕೆಂಪು ನೀರು ನೋಡಿ ಮಗಳು ಅಳು ಮೋರೆ ಮಾಡಿದಳು. ಮೀನುಮರಿ ಕೇಂದ್ರಕ್ಕೆ ಹೋಗಲು ಸಮಯ ಸಾಲಲಿಲ್ಲ. ಕೊನೆಯ ಬೆಳಿಗ್ಗೆ ಮನೆಯ ಯಜಮಾನರು ಗದ್ದೆಗೆ ಕರೆದೊಯ್ದರು. ಮೊದಲ ಮೂರು ಸಲ ಬರೀ ಕೆಸರು. ನಾಲ್ಕನೆಯ ಸಲ ಉಗುರುದ್ದದ ಎರಡು ಮರಿ, ಜೊತೆಗೊಂದು ಪುಟ್ಟ ಏಡಿ. ಮರಿಗಳನ್ನು ಬಿಟ್ಟಳು. ಏಡಿಯನ್ನು ಬಿಡಲು ಒಪ್ಪಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಯಜಮಾನರು ನಮ್ಮ ಮೂವರಿಗೂ ಒಂದೇ ಕೊಡೆ ಹಿಡಿದು ನಿಂತಿದ್ದರು.